ಇಳಿವಯಸ್ಸಿನ ನಿತ್ರಾಣಕ್ಕೂ ಮದ್ಯಕ್ಕೂ ಏನು ಸಂಬಂಧ?



ಮನೆಯ ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದರೆ, ಊಟ ಕಡಿಮೆಯಾಗಿ ಅಂಗಿ ಜೋಲತೊಡಗಿದರೆ, ಬಸ್‌ಸ್ಟ್ಯಾಂಡಿನ ತನಕ ಸಲೀಸಾಗಿ ನಡೆಯುತ್ತಿದ್ದವರು ಅರ್ಧ ದಾರಿಯಲ್ಲೇ ಕಟ್ಟೆ ಹುಡುಕಿ ಕೂತರೆ ನಮ್ಮ ಬಾಯಿಗೆ ಮೊದಲು ಬರುವ ಮಾತು, "ವಯಸ್ಸಾಯಿತಲ್ಲ, ಇನ್ನೇನು?" ಆ ಮಾತು ಅರ್ಧ ಮಾತ್ರ ನಿಜ. ವಯಸ್ಸಿನ ಜೊತೆಗೆ ಬೇರೆ ಕಾರಣಗಳೂ ಸೇರಿಕೊಂಡಿರುತ್ತವೆ. ಅವುಗಳಲ್ಲಿ ಕೆಲವನ್ನು ನಾವು ಸರಿಪಡಿಸಬಹುದು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು, ಆಸ್ಪತ್ರೆಯಲ್ಲಿ ಮಾತ್ರ ಯಾರೂ ಬಾಯಿ ಬಿಡದ ಒಂದು ಕಾರಣ ಮದ್ಯ.

ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ, ತಾಳವಾಡಿಯಿಂದ ಆದೋನಿಯವರೆಗೆ ನಮ್ಮ ಊರುಗಳ ಕೆಲವು ಮನೆಗಳಲ್ಲಿ ಸಂಜೆಯ ಒಂದು ಲೋಟ ಹಿರಿಯರ ದಿನಚರಿಯಲ್ಲೇ ಸೇರಿದೆ. ತೋಟದ ಕೆಲಸ, ಮಗ್ಗದ ಕೆಲಸ, ಹೊಲದ ದುಡಿಮೆ ಮುಗಿಸಿ ಮೈಕೈ ನೋವು ಮರೆಯಲು ಶುರುವಾದದ್ದು ದುಡಿಮೆ ನಿಂತ ಮೇಲೂ ಉಳಿದುಕೊಂಡಿರುತ್ತದೆ. ಯಾರ ಮೇಲೂ ಬೊಟ್ಟು ಮಾಡುವುದು ಈ ಲೇಖನದ ಉದ್ದೇಶವಲ್ಲ. ನಲವತ್ತರಲ್ಲಿ ದೇಹ ತಡೆದುಕೊಂಡ ಪ್ರಮಾಣವೇ ಎಪ್ಪತ್ತರಲ್ಲಿ ಏಕೆ ನೆಲಕ್ಕೆ ಕೆಡವುತ್ತದೆ, ನಾವು ಏನು ಮಾಡಬಹುದು ಎಂಬುದನ್ನು ತಿಳಿಸುವುದಷ್ಟೇ ಇಲ್ಲಿಯ ಪ್ರಯತ್ನ.

ನಿತ್ರಾಣ ಎಂದರೆ ಏನು?

ವೈದ್ಯರು 'ಫ್ರೇಲ್ಟಿ' ಎನ್ನುವ ಸ್ಥಿತಿಗೆ ನಮ್ಮ ಮಾತಿನಲ್ಲಿ ನಿತ್ರಾಣ ಎನ್ನಬಹುದು. ಇದು ಒಂದು ಪ್ರತ್ಯೇಕ ಕಾಯಿಲೆಯ ಹೆಸರಲ್ಲ. ದೇಹದ ಕೂಡಿಟ್ಟ ಶಕ್ತಿ ಕರಗಿಹೋಗಿ, ಸಣ್ಣ ಪೆಟ್ಟನ್ನೂ ತಾಳಲಾಗದ ಸ್ಥಿತಿ ಇದು. ಗಟ್ಟಿಮುಟ್ಟಾದ ಹಿರಿಯರಿಗೆ ಜ್ವರ ಬಂದರೆ ವಾರದಲ್ಲಿ ಎದ್ದು ಓಡಾಡುತ್ತಾರೆ. ನಿತ್ರಾಣ ಬಂದವರು ಅದೇ ಜ್ವರಕ್ಕೆ ಹಾಸಿಗೆ ಹಿಡಿದು, ತಿಂಗಳಾದರೂ ಮೊದಲಿನಂತಾಗುವುದಿಲ್ಲ.

ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಅವರ ಸಂಗಡಿಗರು 2001ರಲ್ಲಿ ಇದನ್ನು ಗುರುತಿಸಲು ಐದು ಲಕ್ಷಣಗಳನ್ನು ಪಟ್ಟಿ ಮಾಡಿದರು. ಇಂದಿಗೂ ಅವೇ ಹೆಚ್ಚು ಬಳಕೆಯಲ್ಲಿವೆ.

1. ಪ್ರಯತ್ನಪಡದೆಯೇ ಒಂದು ವರ್ಷದಲ್ಲಿ 4.5 ಕಿಲೋಗಿಂತ ಹೆಚ್ಚು ತೂಕ ಇಳಿಯುವುದು.
2. ಏನು ಮಾಡಲು ಹೋದರೂ ಸುಸ್ತು, ಆಯಾಸ.
3. ಕೈಹಿಡಿತ ಸಡಿಲವಾಗುವುದು.
4. ನಡಿಗೆ ನಿಧಾನವಾಗುವುದು.
5. ದಿನದ ಓಡಾಟ, ಚಟುವಟಿಕೆ ತೀರ ಕಡಿಮೆಯಾಗುವುದು.

ಮೂರು ಅಥವಾ ಹೆಚ್ಚು ಲಕ್ಷಣಗಳಿದ್ದರೆ ನಿತ್ರಾಣ. ಒಂದೋ ಎರಡೋ ಇದ್ದರೆ ಅದರ ಹೊಸ್ತಿಲು. ಹೊಸ್ತಿಲಲ್ಲಿ ಇರುವವರು ಹಿಂದೆ ಸರಿದು ಮತ್ತೆ ಗಟ್ಟಿಯಾಗುವುದು ಸಾಧ್ಯ. ಆದ್ದರಿಂದ ಬೇಗ ಗುರುತಿಸಿದಷ್ಟೂ ಒಳ್ಳೆಯದು.

ಮನೆಯಲ್ಲೇ ನೋಡಬಹುದಾದ ಮೂರು ಪರೀಕ್ಷೆಗಳು

ಇವಕ್ಕೆ ಯಂತ್ರ ಬೇಡ. ಒಂದು ಗಟ್ಟಿ ಕುರ್ಚಿ, ದರ್ಜಿಯ ಅಳತೆ ಟೇಪು ಮತ್ತು ಮೊಬೈಲಿನ ಗಡಿಯಾರ ಸಾಕು. ಇಲ್ಲಿ ಕೊಟ್ಟಿರುವ ಮಿತಿಗಳು ಏಷ್ಯಾದ ಜನರಲ್ಲಿ ಸ್ನಾಯುಕ್ಷಯ ಗುರುತಿಸಲು ತಜ್ಞರ ಗುಂಪೊಂದು 2019ರಲ್ಲಿ ನಿಗದಿಪಡಿಸಿದವು.

ಕುರ್ಚಿ ಪರೀಕ್ಷೆ: ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಬಾರಿ ಎದ್ದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ ಎಂದರ್ಥ.

ನಡಿಗೆ ಪರೀಕ್ಷೆ: ನೆಲದ ಮೇಲೆ 6 ಮೀಟರ್ ಗುರುತು ಮಾಡಿ ಎಂದಿನ ವೇಗದಲ್ಲಿ ನಡೆಯಲು ಹೇಳಿ. 6 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನಡಿಗೆ ನಿಧಾನವಾಗಿದೆ.

ಮೀನಖಂಡದ ಅಳತೆ: ಮೊಣಕಾಲಿನ ಕೆಳಗೆ ಕಾಲು ದಪ್ಪವಾಗಿರುವ ಕಡೆ ಟೇಪು ಸುತ್ತಿ ನೋಡಿ. ಗಂಡಸರಲ್ಲಿ 34 ಸೆಂಟಿಮೀಟರ್, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಸ್ನಾಯು ಕರಗುತ್ತಿರುವ ಅನುಮಾನ ಪಡಬೇಕು. ಕಾಲಿಗೆ ಬಾವು ಇದ್ದವರಿಗೆ ಈ ಅಳತೆ ಸರಿಹೊಂದದು.

ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲಿ. ಫಲಿತಾಂಶ ಸರಿಯಿಲ್ಲದಿದ್ದರೆ ಗಾಬರಿ ಬೇಡ. ವೈದ್ಯರಿಗೆ ಹೇಳಲು ಒಂದು ಆಧಾರ ಸಿಕ್ಕಿತು ಎಂದುಕೊಳ್ಳಿ.

ಲೋಟದಲ್ಲಿ ಇರುವುದು ಎಷ್ಟು?

"ಸ್ವಲ್ಪ ಮಾತ್ರ ತಗೊಳ್ತೀನಿ" ಎನ್ನುವ ಮಾತಿಗೆ ಅಳತೆಯೇ ಇಲ್ಲ. ಲೆಕ್ಕ ಹಾಕಲು ಸುಲಭ ದಾರಿಯೊಂದಿದೆ. ಮಿಲಿಲೀಟರನ್ನು ಬಾಟಲಿಯ ಮೇಲಿನ ಶೇಕಡಾ ಸಂಖ್ಯೆಯಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿದರೆ ಒಳಗಿರುವ ಆಲ್ಕೋಹಾಲು ಎಷ್ಟು ಗ್ರಾಂ ಎಂದು ಸಿಗುತ್ತದೆ.

ನಮ್ಮ ಅಂಗಡಿಗಳಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲು ಇರುತ್ತದೆ. ಗೋವಾದ ಫೆನಿಯೂ ಹೆಚ್ಚುಕಡಿಮೆ ಇಷ್ಟೇ ಖಾರ. ಹಾಗಾಗಿ 30 ಮಿಲಿಯಲ್ಲಿ ಸುಮಾರು 10 ಗ್ರಾಂ, 'ನೈಂಟಿ'ಯಲ್ಲಿ ಸುಮಾರು 30 ಗ್ರಾಂ, 180 ಮಿಲಿಯ ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. 650 ಮಿಲಿಯ ಬಿಯರ್ ಬಾಟಲಿ ಶೇ. 5ರದ್ದಾದರೆ ಸುಮಾರು 26 ಗ್ರಾಂ, ಶೇ. 8ರ ಸ್ಟ್ರಾಂಗ್ ಆದರೆ ಸುಮಾರು 41 ಗ್ರಾಂ. "ಬಿಯರ್ ತಾನೇ" ಎನ್ನುವವರು ಗಮನಿಸಬೇಕು: ಒಂದು ಸ್ಟ್ರಾಂಗ್ ಬಾಟಲಿ ಒಂದು ನೈಂಟಿಯನ್ನು ಮೀರಿಸುತ್ತದೆ.

ಕಳ್ಳಿನ ಲೆಕ್ಕ ಇನ್ನೂ ಜಾರು. ಬೆಳಗ್ಗೆ ಇಳಿಸಿದ ಕಳ್ಳು ಹೊತ್ತು ಏರಿದಂತೆ ಹುಳಿಯುತ್ತಾ ಖಾರವಾಗುತ್ತದೆ. ಶೇ. 5 ಎಂದು ಹಿಡಿದರೂ ಅರ್ಧ ಲೀಟರಿನಲ್ಲಿ 20 ಗ್ರಾಂ ಆಗುತ್ತದೆ. ಪಶ್ಚಿಮ ತೆಲಂಗಾಣದ ಸದಸ್ಯರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ: ಆ ಭಾಗದಲ್ಲಿ ಕಲಬೆರಕೆ ಕಳ್ಳಿನಲ್ಲಿ ಆಲ್ಪ್ರಜೋಲಮ್, ಡೈಜೆಪಮ್, ಕ್ಲೋರಲ್ ಹೈಡ್ರೇಟ್‌ನಂಥ ನಿದ್ದೆ ಬರಿಸುವ ರಾಸಾಯನಿಕಗಳು ಪತ್ತೆಯಾದದ್ದುಂಟು. ಇವು ಹಿರಿಯರ ನಡಿಗೆಯನ್ನು, ನೆನಪನ್ನು ಮದ್ಯಕ್ಕಿಂತ ಬೇಗ ಕೆಡಿಸುತ್ತವೆ. ಒಂದು ದಿನ ಕಳ್ಳು ಸಿಗದಿದ್ದರೆ ಕೈಕಾಲು ನಡುಗುವುದು, ವಿಚಿತ್ರವಾಗಿ ಮಾತಾಡುವುದು ಕಂಡರೆ ಈ ಅನುಮಾನವನ್ನು ವೈದ್ಯರ ಮುಂದೆ ಇಡಿ.

ಇನ್ನು ಮಿತಿ ಎಷ್ಟು? ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು 2011ರ ವರದಿಯೊಂದರಲ್ಲಿ, ವಯಸ್ಸಾದವರು ದಿನಕ್ಕೆ ಒಂದೂವರೆ ಯೂನಿಟ್, ಅಂದರೆ ಸುಮಾರು 12 ಗ್ರಾಂ ದಾಟಬಾರದು ಎಂದು ಸೂಚಿಸಿತು. ನಮ್ಮ ಅಳತೆಯಲ್ಲಿ ಅದು ಸುಮಾರು 35 ಮಿಲಿ ವಿಸ್ಕಿ. ದಿನಕ್ಕೊಂದು ನೈಂಟಿ ಅದರ ಎರಡೂವರೆ ಪಟ್ಟು. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಮುಂದೆ ಹೋಗಿ, ಆರೋಗ್ಯಕ್ಕೆ ಸಂಪೂರ್ಣ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು 2023ರ ಜನವರಿಯಲ್ಲಿ ಹೇಳಿತು.

ಅದೇ ಲೋಟ, ಬೇರೆ ದೇಹ

"ಐವತ್ತು ವರ್ಷದಿಂದ ಕುಡೀತಿದೀನಿ, ಏನೂ ಆಗಿಲ್ಲ" ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಆದರೆ ಲೋಟ ಅದೇ ಇದ್ದರೂ ದೇಹ ಬದಲಾಗಿದೆ.

ಆಲ್ಕೋಹಾಲು ದೇಹದ ನೀರಿನಲ್ಲಿ ಬೆರೆಯುತ್ತದೆ, ಕೊಬ್ಬಿನಲ್ಲಿ ಅಷ್ಟಾಗಿ ಬೆರೆಯುವುದಿಲ್ಲ. ಯುವಕನ ದೇಹತೂಕದಲ್ಲಿ ಸುಮಾರು ಶೇ. 60 ನೀರು. ವಯಸ್ಸಾದಂತೆ ಸ್ನಾಯು ಕಡಿಮೆಯಾಗಿ ಕೊಬ್ಬು ಹೆಚ್ಚುವುದರಿಂದ ಅದು ಶೇ. 50ರ ಆಸುಪಾಸಿಗೆ ಇಳಿಯುತ್ತದೆ. 60 ಕಿಲೋ ತೂಕದವರ ಲೆಕ್ಕ ಹಾಕಿದರೆ 36 ಲೀಟರ್ ಇದ್ದ ನೀರು 30 ಲೀಟರಿನಷ್ಟಾಯಿತು. ದೊಡ್ಡ ಕೊಡದ ನೀರಿಗೆ ಹಾಕುತ್ತಿದ್ದ ಉಪ್ಪನ್ನು ಚಿಕ್ಕ ಕೊಡಕ್ಕೆ ಹಾಕಿದ ಹಾಗೆ, ಅಷ್ಟೇ ಕುಡಿದರೂ ರಕ್ತದಲ್ಲಿ ಅದರ ಸಾಂದ್ರತೆ ಏರುತ್ತದೆ. ಹೆಂಗಸರ ದೇಹದಲ್ಲಿ ನೀರಿನ ಪಾಲು ಮೊದಲೇ ಕಡಿಮೆ, ಹಾಗಾಗಿ ಅವರಿಗೆ ಇನ್ನೂ ಬೇಗ ಏರುತ್ತದೆ. ಇದರ ಜೊತೆಗೆ ಮುಪ್ಪಿನಲ್ಲಿ ಮೆದುಳೂ ಆಲ್ಕೋಹಾಲಿಗೆ ಹೆಚ್ಚು ಸೂಕ್ಷ್ಮವಾಗುತ್ತದೆ. ನಶೆ ಏರಿಲ್ಲ ಎನ್ನಿಸಿದರೂ ಕಾಲು ತಡವರಿಸುತ್ತದೆ.

ನಿತ್ರಾಣಕ್ಕೆ ದಾರಿ ಹೇಗಾಗುತ್ತದೆ?

ಮೊದಲನೆಯದು ಊಟ. ಒಂದು ಗ್ರಾಂ ಆಲ್ಕೋಹಾಲಿನಲ್ಲಿ 7 ಕ್ಯಾಲೊರಿ. ಒಂದು ಕ್ವಾರ್ಟರ್ ಎಂದರೆ 400ಕ್ಕೂ ಹೆಚ್ಚು ಕ್ಯಾಲೊರಿ, ಆದರೆ ಪ್ರೋಟೀನು ಸೊನ್ನೆ. ಖಾರಾಸೇವು, ಕಡಲೆ ನಂಜಿಕೊಂಡು ಕುಡಿದು ಮುಗಿಸುವ ಹೊತ್ತಿಗೆ ಹಸಿವು ಸತ್ತಿರುತ್ತದೆ. ಮಾಡಿಟ್ಟ ರೊಟ್ಟಿ, ಮುದ್ದೆ, ಸಾರು ಹಾಗೇ ಉಳಿಯುತ್ತದೆ. ಹೀಗೆ ರಾತ್ರಿಯ ಊಟ ತಪ್ಪುತ್ತಾ ಬಂದರೆ ವರ್ಷದಲ್ಲಿ ನಾಲ್ಕೈದು ಕಿಲೋ ಇಳಿಯುವುದು ಆಶ್ಚರ್ಯವಲ್ಲ.

ಎರಡನೆಯದು ಸ್ನಾಯು. ತಿಂದ ಪ್ರೋಟೀನಿನಿಂದ ದೇಹ ಸ್ನಾಯು ಕಟ್ಟುವ ಕೆಲಸಕ್ಕೇ ಆಲ್ಕೋಹಾಲು ಅಡ್ಡ ಬರುತ್ತದೆ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ಎಂಟು ಜನ ಯುವಕರಿಗೆ ವ್ಯಾಯಾಮದ ಬಳಿಕ ಪ್ರೋಟೀನಿನ ಜೊತೆ ಸಾಕಷ್ಟು ಮದ್ಯ ಕೊಟ್ಟು ನೋಡಿದರು. ಬರೀ ಪ್ರೋಟೀನು ಕುಡಿದಾಗಿನದಕ್ಕೆ ಹೋಲಿಸಿದರೆ ಸ್ನಾಯು ಕಟ್ಟುವ ವೇಗ ಶೇ. 24ರಷ್ಟು ಕುಸಿದಿತ್ತು. ಅದು ಹೆಚ್ಚಿನ ಪ್ರಮಾಣದ ಮದ್ಯ, ಗಟ್ಟಿಮುಟ್ಟಾದ ಯುವಕರು. ಸ್ನಾಯು ಕಟ್ಟುವ ವೇಗ ಮೊದಲೇ ತಗ್ಗಿರುವ ಹಿರಿಯರಿಗೆ ಕಳೆದುಕೊಳ್ಳಲು ಉಳಿದಿರುವುದೇ ಕಡಿಮೆ.

ಮೂರನೆಯದು ನರ ಮತ್ತು ಸಮತೋಲ. ಬಹುಕಾಲದ ಕುಡಿತದಿಂದ ಬಿ1 ಜೀವಸತ್ವ, ಅಂದರೆ ಥಯಾಮಿನ್ ಕೊರತೆಯಾಗುತ್ತದೆ. ಪಾದದ ನರಗಳು ಹಾಳಾಗಿ ಅಂಗಾಲು ಜೋಮು ಹಿಡಿದಂತಾಗುತ್ತದೆ, ಚಪ್ಪಲಿ ಜಾರಿದ್ದೂ ತಿಳಿಯುವುದಿಲ್ಲ. ಸಮತೋಲ ಕಾಯುವ ಕಿರುಮೆದುಳು ಸೊರಗುತ್ತದೆ. ಸಕ್ಕರೆ ಕಾಯಿಲೆಯೂ ಇದ್ದರೆ ಪಾದದ ನರಗಳಿಗೆ ಎರಡು ಕಡೆಯಿಂದ ಪೆಟ್ಟು.

ನಾಲ್ಕನೆಯದು ಮೂಳೆ. ಹೆಚ್ಚು ಕುಡಿಯುವವರಲ್ಲಿ ಹೊಸ ಮೂಳೆ ಕಟ್ಟುವ ಜೀವಕೋಶಗಳ ಕೆಲಸ ಕುಂದುತ್ತದೆ. ಬೀಳುವ ಸಾಧ್ಯತೆ ಹೆಚ್ಚು, ಬಿದ್ದಾಗ ಮುರಿಯುವ ಸಾಧ್ಯತೆಯೂ ಹೆಚ್ಚು.

ಐದನೆಯದು ನಿದ್ದೆ. "ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತೆ" ಎನ್ನುತ್ತಾರೆ. ಬೇಗ ನಿದ್ದೆ ಹತ್ತುವುದು ನಿಜ, ಆದರೆ ರಾತ್ರಿಯ ಎರಡನೇ ಭಾಗದ ನಿದ್ದೆ ಚೂರುಚೂರಾಗುತ್ತದೆ. ಮೂತ್ರ ತಡೆಯುವ ಹಾರ್ಮೋನನ್ನು ಮದ್ಯ ತಗ್ಗಿಸುವುದರಿಂದ ನಡುರಾತ್ರಿ ಎದ್ದು ಹೋಗಬೇಕಾಗುತ್ತದೆ. ಎದ್ದ ಕೂಡಲೇ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಎಷ್ಟೋ ಹಿರಿಯರು ಬೀಳುವುದು ಈ ಹೊತ್ತಿನಲ್ಲೇ. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಜೀವಕ್ಕೆ ಕುತ್ತು ತರುವ ಬೀಳುವಿಕೆ ಅತಿ ಹೆಚ್ಚು ಕಾಣುವುದು 60 ದಾಟಿದವರಲ್ಲಿ.

ತಲೆಗೆ ಪೆಟ್ಟು ಬಿದ್ದಿದ್ದರೆ ಇನ್ನೊಂದು ಮಾತು. ವಯಸ್ಸು ಮತ್ತು ಮದ್ಯ ಎರಡರಿಂದಲೂ ಮೆದುಳು ಕುಗ್ಗಿ, ಅದರ ಮೇಲಿನ ರಕ್ತನಾಳಗಳು ಬಿಗಿದಿರುತ್ತವೆ. ಸಣ್ಣ ಪೆಟ್ಟಿಗೂ ನಿಧಾನವಾಗಿ ರಕ್ತ ಒಸರಿ, ವಾರಗಳ ಬಳಿಕ ಮಂಕು, ತಲೆನೋವು, ಒಂದು ಕಡೆಯ ಕೈಕಾಲಿನ ದೌರ್ಬಲ್ಯ ಕಾಣಿಸಿಕೊಳ್ಳಬಹುದು. "ಕುಡಿದಿದ್ದಾರೆ ಬಿಡು" ಎಂದು ಮಲಗಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾತ್ರೆಯ ಡಬ್ಬಿ ಮತ್ತು ಲೋಟ

ಅರವತ್ತು ದಾಟಿದ ಅನೇಕರ ಮನೆಯಲ್ಲಿ ಒಂದು ಮಾತ್ರೆ ಡಬ್ಬಿ ಇರುತ್ತದೆ. ಮದ್ಯದ ಜೊತೆ ಸೇರಿದಾಗ ಆಗುವ ತೊಂದರೆಗಳನ್ನು ಚುಟುಕಾಗಿ ಹೇಳುವುದಾದರೆ:

ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ತೆಗೆದುಕೊಂಡು, ಊಟ ಬಿಟ್ಟು ಕುಡಿದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಬೆವರು, ತಡವರಿಕೆ, ಅಸಂಬದ್ಧ ಮಾತು ನೋಡಿ ಜನ ಅದನ್ನು ನಶೆ ಎಂದೇ ತಿಳಿಯುತ್ತಾರೆ.

ಬಿಪಿ ಮಾತ್ರೆಯ ಜೊತೆ ಎದ್ದು ನಿಂತಾಗ ತಲೆ ತಿರುಗುವುದು ಹೆಚ್ಚುತ್ತದೆ.

ನಿದ್ದೆಗೆಂದು ಕೊಡುವ ಆಲ್ಪ್ರಜೋಲಮ್, ಕ್ಲೊನಾಜೆಪಮ್ ಜೊತೆ ಉಸಿರಾಟವೇ ಕುಗ್ಗಬಹುದು. ಇವೆರಡನ್ನೂ ಯಾವ ಕಾರಣಕ್ಕೂ ಒಟ್ಟಿಗೆ ಸೇರಿಸಬಾರದು.

ಮಂಡಿನೋವಿನ ಡೈಕ್ಲೊಫೆನಾಕ್, ಹೃದಯಕ್ಕೆ ಕೊಡುವ ಆಸ್ಪಿರಿನ್ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಇದು ಇನ್ನೂ ಹೆಚ್ಚು.

ದಿನಾ ಕುಡಿಯುವವರು ಪ್ಯಾರಾಸಿಟಮಾಲನ್ನು ಹೆಚ್ಚಾಗಿ ನುಂಗಿದರೆ ಯಕೃತ್ತಿಗೆ ಪೆಟ್ಟು.

"ಸ್ವಲ್ಪ ಕುಡಿದರೆ ಒಳ್ಳೆಯದಂತೆ" ಎಂಬ ಮಾತು

ಈ ಮಾತಿಗೂ ಒಂದು ಹಿನ್ನೆಲೆಯಿದೆ, ತಳ್ಳಿಹಾಕುವ ಮೊದಲು ಕೇಳಬೇಕು. ಹಿರಿಯರನ್ನು ವರ್ಷಗಟ್ಟಲೆ ಅನುಸರಿಸಿದ ಹಲವು ಅಧ್ಯಯನಗಳಲ್ಲಿ, ಕುಡಿಯದವರಿಗಿಂತ ಮಿತವಾಗಿ ಕುಡಿಯುವವರಲ್ಲೇ ನಿತ್ರಾಣ ಕಡಿಮೆ ಕಂಡಿದೆ. ಹಾಗಾದರೆ ಮದ್ಯ ಕಾಪಾಡಿತೇ?

ಇದರ ಗುಟ್ಟನ್ನು ಬ್ರಿಟನ್ನಿನ ವೈದ್ಯ ಗೆರಿ ಶೇಪರ್ ಮತ್ತು ಸಂಗಡಿಗರು 1988ರಲ್ಲಿ ಬಿಡಿಸಿ ತೋರಿಸಿದರು. 7,735 ಮಧ್ಯವಯಸ್ಕ ಗಂಡಸರ ಅಧ್ಯಯನದಲ್ಲಿ 'ಕುಡಿಯದವರು' ಎಂಬ ಗುಂಪಿನೊಳಗೆ, ಕಾಯಿಲೆ ಬಂದ ಮೇಲೆ ಕುಡಿತ ಬಿಟ್ಟವರು ಬಹಳ ಮಂದಿ ಸೇರಿಕೊಂಡಿದ್ದರು. ನಮ್ಮ ಊರಲ್ಲೂ ಅದೇ ಕಥೆ. ಗಟ್ಟಿಯಾಗಿರುವ ಅಜ್ಜ ಅಂಗಡಿ ತನಕ ನಡೆದು ಹೋಗಿ ಕುಡಿದು ಬರುತ್ತಾರೆ. ಹಾಸಿಗೆ ಹಿಡಿದವರು ಕುಡಿಯುವುದಿಲ್ಲ. ಇಬ್ಬರನ್ನೂ ಪಕ್ಕಪಕ್ಕ ಇಟ್ಟು, ಕುಡಿದವರೇ ಗಟ್ಟಿ ಎಂದರೆ ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿದಂತೆ.

ಆಮೇಲಿನ ಎರಡು ದೊಡ್ಡ ಅಧ್ಯಯನಗಳು ಈ ಅನುಮಾನವನ್ನು ಬಲಪಡಿಸಿದವು. ಚೀನಾದಲ್ಲಿ 5 ಲಕ್ಷಕ್ಕೂ ಹೆಚ್ಚು ಜನರನ್ನು ಅನುಸರಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕುಡಿದರೆ ಒಗ್ಗದಂತೆ ಮಾಡುವ ವಂಶವಾಹಿಗಳನ್ನು ಹುಟ್ಟಿನಿಂದಲೇ ಪಡೆದವರನ್ನೂ ಉಳಿದವರನ್ನೂ ಹೋಲಿಸಿ ನೋಡಿದಾಗ, ಮಿತಕುಡಿತ ಪಾರ್ಶ್ವವಾಯುವಿನಿಂದ ಕಾಪಾಡುತ್ತದೆ ಎಂಬ ನಂಬಿಕೆ ನಿಲ್ಲಲಿಲ್ಲ. 2024ರಲ್ಲಿ ಸ್ಪೇನಿನ ಸಂಶೋಧಕರು ಬ್ರಿಟನ್ನಿನ 60 ದಾಟಿದ 1,35,103 ಜನರ ಮಾಹಿತಿಯನ್ನು ಪರಿಶೀಲಿಸಿದರು. ಅವರು ಹೋಲಿಕೆಗೆ ಕುಡಿಯದವರನ್ನು ಇಟ್ಟುಕೊಳ್ಳದೆ ಅಪರೂಪಕ್ಕೆ ಕುಡಿಯುವವರನ್ನು ಇಟ್ಟುಕೊಂಡರು. ಆಗ ಮಿತಕುಡಿತದಿಂದ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ. ಮೊದಲೇ ಆರೋಗ್ಯ ಕುಂದಿದ್ದವರಲ್ಲಿ ದಿನಕ್ಕೆ ಗಂಡಸರು 20 ಗ್ರಾಂ, ಹೆಂಗಸರು 10 ಗ್ರಾಂ ಒಳಗೆ ಕುಡಿದರೂ ಕ್ಯಾನ್ಸರ್ ಸಾವು ಹೆಚ್ಚಿತ್ತು. ಅಂದರೆ ನಿತ್ರಾಣದ ಲಕ್ಷಣ ಇರುವವರಿಗೇ ಮದ್ಯ ಹೆಚ್ಚು ದುಬಾರಿ.

ಗಡಿಯ ಆಸ್ಪತ್ರೆಯಲ್ಲಿ ಒಂದು ಕಷ್ಟ

ನಮ್ಮ ಊರುಗಳಿಗೇ ಸೇರಿದ ಒಂದು ತೊಡಕು ಇಲ್ಲಿದೆ. ವೈದ್ಯರು ಕೇಳುವುದು ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ. ಹಿರಿಯರ ಮನಸ್ಸು ಬಿಚ್ಚುವುದು ಕನ್ನಡದಲ್ಲಿ, ತುಳುವಿನಲ್ಲಿ, ಬಡಗ ಮಾತಿನಲ್ಲಿ. ನಡುವೆ ಮಗನೋ ಸೊಸೆಯೋ ದುಭಾಷಿ.

ಅದರ ಮೇಲೆ ಮದ್ಯಕ್ಕೆ ಪ್ರತಿ ಭಾಷೆಯಲ್ಲೂ ಒಂದೊಂದು ಮುಸುಕು. ತಮಿಳಿನ ಆಡುಮಾತಿನಲ್ಲಿ 'ತಣ್ಣಿ', ಮಲಯಾಳದಲ್ಲಿ 'ವೆಳ್ಳಂ' ಎಂದರೆ ನೀರೂ ಹೌದು, ಹೆಂಡವೂ ಹೌದು. ತೆಲುಗಿನ 'ಮಂದು' ಔಷಧವೂ ಹೌದು, ಮದ್ಯವೂ ಹೌದು. ನಾವು ಕನ್ನಡದವರೂ 'ಎಣ್ಣೆ' ಎನ್ನುತ್ತೇವೆ. ಹೀಗಿರುವಾಗ "ಮಂದು ತಗೊಳ್ತೀರಾ" ಎಂಬ ಪ್ರಶ್ನೆಗೆ ಅಜ್ಜ ಬಿಪಿ ಮಾತ್ರೆ ನೆನೆದು "ದಿನಾ ತಪ್ಪದೆ" ಎಂದರೆ, ಅಥವಾ ಮಾತ್ರೆಯ ಬಗ್ಗೆ ಕೇಳಿದ್ದಕ್ಕೆ ಮುಜುಗರಪಟ್ಟು "ಇಲ್ಲ" ಎಂದರೆ ಯಾರನ್ನು ದೂರುವುದು?

ಇನ್ನೂ ದೊಡ್ಡ ತೊಡಕು ಮರ್ಯಾದೆಯದ್ದು. ಅಪ್ಪನ ಎದುರಿಗೇ "ಹೌದು ಡಾಕ್ಟ್ರೇ, ಕುಡೀತಾರೆ" ಎನ್ನಲು ಮಗನಿಗೆ ನಾಲಿಗೆ ಏಳುವುದಿಲ್ಲ. ಅಜ್ಜಿಯರ ವಿಷಯದಲ್ಲಂತೂ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. ಈ ಮುಚ್ಚುಮರೆಯಿಂದ ಆಗುವ ಅನಾಹುತಕ್ಕೆ ಒಂದು ಉದಾಹರಣೆ ನೋಡೋಣ. ದಿನಾ ಕ್ವಾರ್ಟರ್ ಕುಡಿಯುವ ಹಿರಿಯರೊಬ್ಬರು ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರು ಎಂದುಕೊಳ್ಳಿ. ಮನೆಯವರು "ಕುಡಿಯುವುದಿಲ್ಲ" ಎಂದರು. ಮದ್ಯ ಒಮ್ಮೆಲೇ ನಿಂತದ್ದರಿಂದ ಮೊದಲ ದಿನವೇ ಕೈ ನಡುಕ, ಬೆವರು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಇಲ್ಲದವರು ಕಾಣುವುದು, ಹಾಸಿಗೆಯಿಂದ ಜಿಗಿಯುವುದು, ಎದೆಬಡಿತ ಏರುವುದು ಶುರುವಾಗಬಹುದು. ಇದು ಜೀವ ತೆಗೆಯುವ ಸ್ಥಿತಿ. ಮೊದಲೇ ತಿಳಿಸಿದ್ದರೆ ಸೂಕ್ತ ಔಷಧ, ಥಯಾಮಿನ್ ಇಂಜೆಕ್ಷನ್ ಕೊಟ್ಟು ಬಹುಮಟ್ಟಿಗೆ ತಡೆಯಬಹುದಿತ್ತು.

ಆದ್ದರಿಂದ ಆಸ್ಪತ್ರೆಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಏನು ಕುಡಿಯುತ್ತಾರೆ, ದಿನಕ್ಕೆ ಎಷ್ಟು ಮಿಲಿ, ವಾರಕ್ಕೆ ಎಷ್ಟು ದಿನ, ಕೊನೆಯ ಬಾರಿ ಕುಡಿದದ್ದು ಯಾವಾಗ. ಎದುರಿಗೆ ಹೇಳಲು ಸಂಕೋಚವಾದರೆ ಚೀಟಿಯನ್ನು ನರ್ಸಮ್ಮನ ಕೈಗೆ ಕೊಟ್ಟರೂ ಆಯಿತು. ಅಂಕಿಗಳಿಗೆ ಭಾಷೆಯ ಗಡಿಯಿಲ್ಲ. ಮಾತ್ರೆಗಳ ಹಾಳೆಗಳನ್ನೂ ಜೊತೆಗೆ ಒಯ್ಯಿರಿ.

ದಯವಿಟ್ಟು ಒಮ್ಮೆಲೇ ನಿಲ್ಲಿಸಬೇಡಿ

ಈ ಲೇಖನ ಓದಿ ಯಾರಾದರೂ ನಾಳೆಯೇ ಬಾಟಲಿ ಬಚ್ಚಿಟ್ಟರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ದಿನಾ ಹೆಚ್ಚು ಕುಡಿಯುವವರು, ಬೆಳಗ್ಗೆ ಕೈ ನಡುಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ವೈದ್ಯರ ನಿಗಾದಲ್ಲೇ ಬಿಡಬೇಕು. ಅಪರೂಪಕ್ಕೋ ಕಡಿಮೆಯೋ ಕುಡಿಯುವವರು ತಾವೇ ತಗ್ಗಿಸಬಹುದು. ಮೊದಲು ಅಳತೆಯ ಲೋಟ ಬಳಸಿ, ನಂತರ ವಾರದಲ್ಲಿ ಕೆಲವು ದಿನ ಬಿಡಿ, ಊಟವನ್ನು ಮೊದಲು ಮುಗಿಸಿ, ನಿದ್ದೆಗೆಂದು ಕುಡಿಯುವ ರೂಢಿಯನ್ನು ನಿಲ್ಲಿಸಿ.

ಹಿರಿಯರೊಡನೆ ಮಾತಾಡುವ ಬಗೆಯೂ ಮುಖ್ಯ. ಕುಡಿದ ಹೊತ್ತಿನಲ್ಲಿ ಜಗಳ ಬೇಡ. ಬೆಳಗಿನ ಹೊತ್ತು ಪಕ್ಕದಲ್ಲಿ ಕೂತು, "ಅಪ್ಪಾಜಿ, ಮೊನ್ನೆ ಬಿದ್ದಿರಲ್ಲ, ನನಗೆ ಭಯ ಆಯ್ತು" ಎಂದು ಬಿದ್ದದ್ದರಿಂದಲೇ ಮಾತು ಶುರುಮಾಡಿದರೆ ಅವರೂ ಕಿವಿಗೊಡುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಕುಡಿತ ಹೆಚ್ಚಿಸಿಕೊಂಡವರು ಇದ್ದಾರೆ. ಅವರಿಗೆ ಬೇಕಾದದ್ದು ಸಂಜೆ ಹೊತ್ತಿನ ಜೊತೆ.

ಹೋದ ಶಕ್ತಿ ಮರಳುತ್ತದೆ

ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ವೃದ್ಧಾಶ್ರಮದ ಹತ್ತು ಮಂದಿಗೆ, ಸರಾಸರಿ ವಯಸ್ಸು 90, ಎಂಟು ವಾರ ಕಾಲಿಗೆ ಭಾರ ಕಟ್ಟಿ ವ್ಯಾಯಾಮ ಮಾಡಿಸಿದರು. ಮುಗಿಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ತೊಂಬತ್ತರಲ್ಲಿ ಸಾಧ್ಯವಾದದ್ದು ಎಪ್ಪತ್ತರಲ್ಲಿ ಆಗದೇ?

ದಿನಕ್ಕೆ ಎರಡು ಮೂರು ಸಲ ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಊಟವಾದ ಮೇಲೆ ಓಣಿಯಲ್ಲಿ ನಾಲ್ಕು ಹೆಜ್ಜೆ ನಡೆಯುವುದು, ಇಷ್ಟರಿಂದ ಶುರುಮಾಡಿ. ಎದೆನೋವು, ಉಬ್ಬಸ ಇರುವವರು ಮೊದಲು ವೈದ್ಯರನ್ನು ಕೇಳಲಿ.

ಹಿರಿಯರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕು ಎನ್ನುತ್ತಾರೆ ತಜ್ಞರು. 55 ಕಿಲೋ ಇದ್ದವರಿಗೆ 55ರಿಂದ 66 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಲೆಕ್ಕ ಬೇರೆ, ಅವರು ವೈದ್ಯರು ಹೇಳಿದಂತೆ ನಡೆಯಬೇಕು. ಇದಕ್ಕೆ ದುಬಾರಿ ಪುಡಿ ಬೇಕಾಗಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಅಷ್ಟೇ, 100 ಗ್ರಾಂ ಹುರುಳಿಯಲ್ಲಿ 20 ಗ್ರಾಂ ದಾಟುತ್ತದೆ. ಸೊಲ್ಲಾಪುರದ ಶೇಂಗಾ ಚಟ್ನಿ, ಮಡಕಶಿರದ ಹುರುಳಿ ಸಾರು, ಕಾಸರಗೋಡಿನ ಮೀನು, ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಒಂದು ಕ್ವಾರ್ಟರಿನ ದುಡ್ಡಿಗೆ ಎಷ್ಟು ಮೊಟ್ಟೆ ಬರುತ್ತವೆ ಎಂದು ನಿಮ್ಮ ಊರಿನ ಬೆಲೆಯಲ್ಲಿ ನೀವೇ ಲೆಕ್ಕ ಹಾಕಿ.

ಮನೆಯಲ್ಲಿ ಬಚ್ಚಲ ದಾರಿಗೆ ರಾತ್ರಿ ಒಂದು ಸಣ್ಣ ದೀಪ, ಗೋಡೆಗೆ ಒಂದು ಹಿಡಿಕೆ, ಜಾರದ ಚಪ್ಪಲಿ ಇರಲಿ.

ಸಹಾಯ ಎಲ್ಲಿ?

ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ವ್ಯಸನಮುಕ್ತಿಗಾಗಿ 14446. ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್ 14416, ಇಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರಿಗಾಗಿಯೇ ಹೊರರೋಗಿ ವಿಭಾಗ ಇದೆಯೇ ಎಂದು ವಿಚಾರಿಸಿ. ಕೇರಳದ ಸದಸ್ಯರು ಅಲ್ಲಿನ ಸರ್ಕಾರದ 'ವಿಮುಕ್ತಿ' ಕೇಂದ್ರಗಳನ್ನು ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ.

ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಘಟಕದ ಮುಂದಿನ ಸಭೆಯಲ್ಲಿ ಹದಿನೈದು ನಿಮಿಷ ಕುರ್ಚಿ ಪರೀಕ್ಷೆಗೆ ಮೀಸಲಿಡಿ. ಒಬ್ಬರು ಎಣಿಸಲಿ, ಒಬ್ಬರು ಗಡಿಯಾರ ನೋಡಲಿ. ಹೊರಗಿನ ಭಾಷೆಯ ಆಸ್ಪತ್ರೆಗೆ ಹಿರಿಯರನ್ನು ಕರೆದೊಯ್ಯುವಾಗ ದುಭಾಷಿಯಾಗಿ ಬರಬಲ್ಲವರು ಪ್ರತಿ ಘಟಕದಲ್ಲೂ ಇಬ್ಬರಾದರೂ ಇದ್ದರೆ, ಮನೆಯ ಮಕ್ಕಳು ಹೇಳಲಾರದ ಮಾತನ್ನು ಅವರು ವೈದ್ಯರಿಗೆ ಮುಟ್ಟಿಸಬಲ್ಲರು. ಹಾಗೆ ಬರಲು ಮನಸ್ಸಿರುವವರು ತಮ್ಮ ಹೆಸರನ್ನು ಘಟಕದ ಕಾರ್ಯದರ್ಶಿಗಳಿಗೆ ಕೊಡಬೇಕಾಗಿ ಕೋರುತ್ತೇವೆ.